ಸುಮ್ಮನೆ ನಿಂತವರನ್ನು ನೋಡುವ ಬಗೆ: ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಮಿತ್ರರೇ,

ಐರಿಷ್ ನಾಟಕಕಾರ ಜೆ. ಎಂ. ಸಿಂಗ್ (Synge) ಐರ್ಲೆಂಡಿನ ಪಶ್ಚಿಮ ಕರಾವಳಿಯ ದ್ವೀಪಗಳ ಬಗ್ಗೆ ಬರೆದು, ಚಿತ್ರಕಾರ ಜ್ಯಾಕ್ ಬಿ. ಯೇಟ್ಸ್ ಚಿತ್ರ ಬಿಡಿಸಿದ ‘ದಿ ಅರಾನ್ ಐಲೆಂಡ್ಸ್’ ಪುಸ್ತಕದ ಪೊಲೀಸರನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಬರವಣಿಗೆಯಲ್ಲಿ ಕಸುವಿದೆ. ಆದರೆ ಮೊದಲ ಪುಟದಲ್ಲೇ ಅವರನ್ನು ‘ಸಾಮ್ರಾಜ್ಯಶಾಹಿಯ ಸಂಕೇತ’ ಎಂದು ಕರೆದುಬಿಟ್ಟಿದ್ದೀರಿ. ಆ ಮಾತು ಬಂದ ಮೇಲೆ ನಿಮ್ಮ ಕಣ್ಣು ಮತ್ತೆ ಚಿತ್ರದ ಕಡೆ ಹೊರಳಿದಂತೆ ಕಾಣುವುದಿಲ್ಲ. ಮಾತು ಸುಳ್ಳಲ್ಲ, ಅವಸರದ್ದು.

1867ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಫೀನಿಯನ್ ದಂಗೆಯನ್ನು ಅಡಗಿಸಿದ್ದಕ್ಕಾಗಿ ‘ರಾಯಲ್’ ಎಂಬ ಬಿರುದು ಪಡೆದ ಐರಿಷ್ ಕಾನ್‌ಸ್ಟಾಬ್ಯುಲರಿ ಎಂಬ ಪೊಲೀಸ್ ಪಡೆಯ ಪೇದೆಗೆ ಕಡುಹಸಿರು ಸಮವಸ್ತ್ರ, ಕಾರ್ಬೈನ್ ಬಂದೂಕು, ಬ್ಯಾರಕ್‌ನ ವಾಸ. ಪೇದೆಗಳಲ್ಲಿ ಹೆಚ್ಚಿನವರು ಕ್ಯಾಥೊಲಿಕರು, ಅನೇಕರು ಸಣ್ಣ ರೈತರ ಮಕ್ಕಳು. ಹುಟ್ಟಿದ ಕೌಂಟಿಯಲ್ಲಾಗಲಿ ಹೆಂಡತಿಯ ತವರಿನ ಕೌಂಟಿಯಲ್ಲಾಗಲಿ ಅವರನ್ನು ನೇಮಿಸುತ್ತಿರಲಿಲ್ಲ. ಹಾಗಾಗಿ, ಗೇಣಿ ಬಾಕಿ ಉಳಿದ ಬಡವನನ್ನು ಒಕ್ಕಲೆಬ್ಬಿಸುವಾಗ ಅವನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವನು, ಬಹಳ ಸಲ, ದೂರದ ಇನ್ನೊಂದು ಊರಿನ ಅಂಥದೇ ಮನೆಯಲ್ಲಿ ಬೆಳೆದವನು. ಸಾಮಾನು ಹೊರಗೆಸೆಯುವ ಕೆಲಸ ಕೋರ್ಟಿನ ಆದೇಶ ಜಾರಿಮಾಡುವ ಷೆರೀಫನ ಆಳುಗಳದು. ಪೊಲೀಸರದು ಸುತ್ತುಗಟ್ಟಿ ನಿಲ್ಲುವುದು. ನಿಲ್ಲುವುದೇ ಕೆಲಸವಾದವರನ್ನು ಚಿತ್ರಕಾರ ಹೇಗೆ ಬಿಡಿಸಬೇಕು? ನಿಮ್ಮ ಲೇಖನ ಹೊರಡಬೇಕಾದದ್ದು ಈ ಪ್ರಶ್ನೆಯಿಂದ.

ಆ ಪುಸ್ತಕದಲ್ಲಿ, ಅರಾನ್ ದ್ವೀಪಗಳಲ್ಲೊಂದಾದ ಇನಿಷ್‌ಮಾನ್ ದ್ವೀಪಕ್ಕೆ ಒಕ್ಕಲೆಬ್ಬಿಸುವ ಕೆಲಸಕ್ಕಾಗಿ ಪೊಲೀಸರು ಬಂದಿಳಿಯುವ ಭಾಗವನ್ನು ಇನ್ನೊಮ್ಮೆ ಓದಿ. ಸುಡುವ ಬಿಸಿಲಿನ ದಿನ. ಮೇಲಂಗಿಯ ಗುಂಡಿ ಬಿಚ್ಚಿಕೊಂಡು ಪೊಲೀಸರು ಬೆವತು ಏದುಸಿರು ಬಿಡುತ್ತಿದ್ದಾರೆ, ದ್ವೀಪದವರು ಕಡಲಹಕ್ಕಿಗಳಂತೆ ತಂಪಾಗಿ ಓಡಾಡುತ್ತಿದ್ದಾರೆ. ಸಿಂಗ್‌ಗೆ ಆ ಪೊಲೀಸರ ಮೇಲೆ ಪ್ರೀತಿಯೇನೂ ಇರಲಿಲ್ಲ, ಅವರನ್ನು ಯಂತ್ರಗಳೆಂದೇ ಕಂಡ. ಆದರೂ ಅವರ ಬೆವರನ್ನು ಬಿಡದೆ ಬರೆದ. ಆ ಒಂದು ಸಾಲಿನಲ್ಲಿ ಯಾರು ನೆಲದವರು, ಯಾರು ಪರಕೀಯರು ಎಂಬುದು ಘೋಷಣೆಯಿಲ್ಲದೆ ತಿಳಿಯುತ್ತದೆ. ಯೇಟ್ಸ್ ಬಾಲ್ಯವನ್ನು ಸ್ಲೈಗೋದಲ್ಲಿ ಅಜ್ಜ ಅಜ್ಜಿಯರ ಬಳಿ ಕಳೆದವನು, 1905ರಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗಾಗಿ ಸಿಂಗ್ ಜೊತೆ ಪಶ್ಚಿಮದ ಬಡ ಜಿಲ್ಲೆಗಳನ್ನು ಸುತ್ತಿದವನು. 1907ರ ಈ ಪುಸ್ತಕಕ್ಕೆ ಅವನು ಕೊಟ್ಟ 12 ಚಿತ್ರಗಳನ್ನು ನೋಡುವಾಗ ಕೇಳಿಕೊಳ್ಳಿ: ಅವನ ಗೆರೆ ಟೋಪಿಯ ಮೇಲೆ ನಿಂತಿದೆಯೋ, ಮುಖದ ಮೇಲೋ? ಪೊಲೀಸನ ಕೈ ಎಲ್ಲಿದೆ? ಅವನು ಯಾರನ್ನು ನೋಡುತ್ತಿದ್ದಾನೆ?

ಇದು ನಮಗೆ ದೂರದ ಸಂಗತಿಯೂ ಅಲ್ಲ. 1843ರಲ್ಲಿ ಬ್ರಿಟಿಷ್ ಸೇನಾನಿ ಚಾರ್ಲ್ಸ್ ನೇಪಿಯರ್ ಸಿಂಧ್‌ನಲ್ಲಿ ಕಟ್ಟಿದ ಪೊಲೀಸ್ ಪಡೆಗೆ ಮಾದರಿ ಈ ಐರಿಷ್ ಪಡೆಯೇ. ಅಲ್ಲಿಂದ ಆ ಪದ್ಧತಿ ಧಾರವಾಡ, ವಿಜಾಪುರಗಳಿದ್ದ ಮುಂಬೈ ಪ್ರಾಂತ್ಯಕ್ಕೂ ಬಂತು.

ನನ್ನದೊಂದು ಹಳೆಯ ನೋವನ್ನೂ ಹೇಳುತ್ತೇನೆ. ನನ್ನ ಕತೆಯೊಂದರಲ್ಲಿ ಪೇದೆಯೊಬ್ಬ ಬಾವಿಕಟ್ಟೆಯಲ್ಲಿ ನೀರು ಕುಡಿಯಲೆಂದು ಟೋಪಿ ತೆಗೆಯುತ್ತಾನೆ. ಹಣೆಯ ಮೇಲೆ ಟೋಪಿಯ ಅಂಚು ಕೊರೆದ ಕೆಂಪು ಗೆರೆ. ಚಿಕ್ಕವನಿದ್ದಾಗ ನಮ್ಮೂರಲ್ಲಿ ಕಣ್ಣಾರೆ ಕಂಡದ್ದು ಅದು. ಪತ್ರಿಕೆಯಲ್ಲಿ ಅಚ್ಚಾದ ಚಿತ್ರದಲ್ಲಿ ಮಾತ್ರ ಡೊಳ್ಳುಹೊಟ್ಟೆಯ, ಗಿರಿಜಾಮೀಸೆಯ ಸಿದ್ಧಪ್ರತಿಮೆಯೊಂದು ಲಾಠಿ ಹಿಡಿದು ನಿಂತಿತ್ತು. ನಾನು ಆಗ ಸಂಪಾದಕರಿಗೆ ಒಂದು ಸಾಲೂ ಬರೆಯಲಿಲ್ಲ, ಬರೆಯಬೇಕಿತ್ತು.

ಒಳ್ಳೆಯ ಭೂತಗನ್ನಡಿಯೊಂದನ್ನು ತಂದುಕೊಂಡು ಆ ಕೊರಳಪಟ್ಟಿಗಳನ್ನು, ಬೂಟುಗಳನ್ನು ನೋಡಿ. ‘ಸಂಕೇತ’ ಎಂಬ ಪದವಿಲ್ಲದ ಎರಡನೆಯ ಕರಡನ್ನು ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮ ಹಿತೈಷಿ