ಸಾರಥಿ ಇಲ್ಲದ ಆಟ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ನೀನು ಫೋನು ಮಾಡಿದಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಪಿಜಿಯಲ್ಲಿ ನಿನ್ನ ರೂಮಿನ ಹುಡುಗಿಯರಿಬ್ಬರು ಸಿನಿಮಾ ನೋಡಿ ಬಂದು ಜಗಳ ಆಡಿಕೊಂಡು ಮಾತು ಬಿಟ್ಟಿದ್ದಾರೆ ಅಂತ ಹೇಳಿದೆ. ಒಬ್ಬಳು ಅದು ನಮ್ಮ ಇತಿಹಾಸ ಅಂದಳಂತೆ. ಇನ್ನೊಬ್ಬಳು ಪೂರಾ ಕಟ್ಟುಕಥೆ ಅಂದಳಂತೆ. ನಡುವಿನ ಮಂಚ ನಿನ್ನದು. "ಅಪ್ಪಾ, ದೇವರ ಸಿನಿಮಾ ಖರೇನೋ ಸುಳ್ಳೋ, ಒಂದೇ ಮಾತಿನಲ್ಲಿ ಹೇಳು" ಅಂತ ಕೇಳಿದೆ. ನಾನು "ಊಟ ಆಯ್ತಾ?" ಅಂದೆ. ಪಕ್ಕದಲ್ಲಿ ಕೂತಿದ್ದ ನಿಮ್ಮವ್ವ ನಕ್ಕಳು.

ಅಷ್ಟು ವರ್ಷ ಹಾವೇರಿ–ಹಿರೇಕೆರೂರು ಬಸ್ಸಿನಲ್ಲಿ ಟಿಕೆಟ್ ಹರಿದವನಿಗೆ ಒಂದೇ ಮಾತಿನಲ್ಲಿ ಉತ್ತರ ಕೊಡೋದು ಬರಬೇಕಿತ್ತು. ಬರಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗುತ್ತೆ, ಭಾನುವಾರ ಓದು.

ನಿಮ್ಮಜ್ಜ ಬಣ್ಣ ಹಚ್ಚಿದ್ದನ್ನು ನೀನು ನೋಡಿಲ್ಲ. ಅವರು ಹೋದಾಗ ನಿನಗೆ ಮೂರು ವರ್ಷ. ಸುಗ್ಗಿ ಮುಗಿದ ಮೇಲೆ ನಮ್ಮೂರಲ್ಲಿ ದೊಡ್ಡಾಟ ಇರುತ್ತಿತ್ತು. ಅಜ್ಜನದು ಯಾವಾಗಲೂ ಕೃಷ್ಣನ ಪಾತ್ರ. ತಾಲೀಮು ಶುರುವಾದ ದಿನದಿಂದ ಆಟ ಮುಗಿಯೋವರೆಗೆ ಕಾಲಲ್ಲಿ ಚಪ್ಪಲಿ ಇಲ್ಲ, ಬಾಯಲ್ಲಿ ಬೈಗುಳ ಇಲ್ಲ. ಎರಡನೆಯದು ಅವರಿಗೆ ಬಹಳ ಕಷ್ಟ ಆಗುತ್ತಿತ್ತು ಅಂತ ನಮ್ಮವ್ವ ಹೇಳುತ್ತಿದ್ದಳು. ಆಟದ ರಾತ್ರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ರಂಗದ ಮೇಲೆ ಬಂದರೆ ಜನ ಕಾಯಿ ಒಡೆಯುತ್ತಿದ್ದರು, ಕಾಲಿಗೆ ಬೀಳುತ್ತಿದ್ದರು. ನಮ್ಮ ಹೊಲದ ಪಕ್ಕದ ಹೊಲದವನು ಒಬ್ಬನಿದ್ದ. ರಾತ್ರಿ ಅಜ್ಜನ ಕಾಲಿಗೆ ಬಿದ್ದು ಕಣ್ಣೀರು ಹಾಕಿದ ಮನುಷ್ಯ ಬೆಳಿಗ್ಗೆ ಬದುವಿನ ಮೇಲೆ ನಿಂತು ಅದೇ ಕೃಷ್ಣನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಅವನಿಗೆ ಎರಡೂ ಖರೆ. ಎರಡನ್ನೂ ಅವನು ಕಲಸಿಕೊಂಡಿರಲಿಲ್ಲ.

ಆ ಆಟದಲ್ಲಿ ಸಾರಥಿ ಅಂತ ಒಬ್ಬ ಇರುತ್ತಾನೆ. ಕೃಷ್ಣನೇ ಬರಲಿ, ರಾವಣನೇ ಬರಲಿ, ಸಾರಥಿ ಎದುರು ನಿಂತು ಕೇಳುತ್ತಾನೆ: ತಾವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣವೇನು? ದೇವರಾದರೂ ಹೆಸರು, ಊರು ಹೇಳಲೇಬೇಕು. ಒಂದು ವರ್ಷ ಅಜ್ಜ ಗಂಭೀರವಾಗಿ "ನಮ್ಮದು ದ್ವಾರಕಾಪುರ" ಅಂದಾಗ ನಮ್ಮೂರ ಸಾರಥಿ "ಅದು ಹಾನಗಲ್ಲಿನ ಆಚೆಗೋ ಈಚೆಗೋ?" ಅಂತ ಕೇಳಿಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಕೃಷ್ಣನಿಗೂ ನಗು ತಡೆಯಲಾಗಲಿಲ್ಲ. ಐದು ನಿಮಿಷ ಬಿಟ್ಟು ಅದೇ ಜನ ಭಕ್ತಿಯಿಂದ ಕೈ ಮುಗಿದು ಕೂತಿದ್ದರು.

ಸಿನಿಮಾದಲ್ಲಿ ಸಾರಥಿ ಇಲ್ಲ, ನೋಡು. ದೀಪ ಆರುತ್ತೆ, ಸಂಗೀತ ಎದೆಗೆ ಬಡಿಯುತ್ತೆ, ದೇವರ ಮುಖ ಮನೆಯಷ್ಟು ದೊಡ್ಡದಾಗಿ ಬಂದು ನಿಲ್ಲುತ್ತೆ. ನೀವು ಯಾರು, ಎಲ್ಲಿಂದ ಬಂದಿರಿ ಅಂತ ಯಾರೂ ಕೇಳಲ್ಲ. ಆದರೂ ನಾವು ಅದನ್ನೂ ಆಟ ಅಂತಲೇ ಕರೀತೀವಿ, ಅಲ್ವಾ? ಮೊದಲನೇ ಆಟ, ಎರಡನೇ ಆಟ. ಆ ಹೆಸರಿಟ್ಟವರಿಗೆ ವಿಷಯ ಗೊತ್ತಿತ್ತು ಅನಿಸುತ್ತೆ.

1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಊರಿಗೆಲ್ಲ ಒಂದೇ ಟಿವಿ. ಭಾನುವಾರ ಬೆಳಿಗ್ಗೆ ಅದಕ್ಕೆ ಹೂವಿನ ಹಾರ, ಊದಿನಕಡ್ಡಿ. ಆಂಟೆನಾ ತಿರುಗಿಸೋಕೆ ಒಬ್ಬ ಹುಡುಗ ಮಾಳಿಗೆ ಮೇಲೆ ನಿಂತಿರುತ್ತಿದ್ದ, ಪಾಪ, ಅವನು ಒಂದು ವಾರವೂ ರಾಮನನ್ನು ನೋಡಲಿಲ್ಲ. ನಮ್ಮಜ್ಜಿಗೆ ಹಿಂದಿಯ ಒಂದು ಅಕ್ಷರ ಬರುತ್ತಿರಲಿಲ್ಲ. ಸೀತೆ ಗೆರೆ ದಾಟಿದಾಗ "ದಾಟಬ್ಯಾಡ ಯವ್ವಾ" ಅಂತ ಅಳುತ್ತಾ ಕೂಗಿದಳು. ಬಹಳ ವರ್ಷಗಳ ಮೇಲೆ ಒಬ್ಬ ಮೇಷ್ಟ್ರು ನನಗೆ ಹೇಳಿದರು, ವಾಲ್ಮೀಕಿ ರಾಮಾಯಣದಲ್ಲಿ ಲಕ್ಷ್ಮಣ ಗೆರೆ ಎಳೆಯೋದೇ ಇಲ್ಲ ಅಂತ. ಅಷ್ಟೇ ಅಲ್ಲ, 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ ಇಂದ್ರಜಿತುವಿನ ಹೆಂಡತಿ ಸುಲೋಚನೆಯದು. ಆಕೆಯ ಕಥೆಯೂ ವಾಲ್ಮೀಕಿಯಲ್ಲಿ ಇಲ್ಲವಂತೆ, ಆಮೇಲಿನವರು ಕಟ್ಟಿದ್ದು. ಹಾಗಂತ ಅಜ್ಜಿ ಅತ್ತಿದ್ದು ಸುಳ್ಳಾಗುತ್ತಾ?

ಇಲ್ಲಿಗೆ ನಿಲ್ಲಿಸಿದ್ದರೆ ನೀನು "ಅಪ್ಪ ಜಾರಿಕೊಂಡ" ಅಂತೀಯ. ಗೊತ್ತು.

ದೇವರ ಮಾತು ಬೇರೆ. ಹುಟ್ಟಿ, ಬದುಕಿ, ಸತ್ತ ಮನುಷ್ಯರ ಮಾತು ಬೇರೆ. ನಮ್ಮ ಜಿಲ್ಲೆಯಲ್ಲಿ ಅಂಥವರು ಜಾಸ್ತಿ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರು, ಶಿಶುನಾಳದ ಷರೀಫಜ್ಜ. ಕನಕದಾಸರ ಮುಖ ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಆದರೆ 1960ರ ಸಿನಿಮಾ ಬಂದ ಮೇಲೆ ನಮ್ಮಜ್ಜಿಯ ಪಾಲಿಗೆ ಅವರ ಮುಖ ರಾಜಕುಮಾರ್ ಅವರದೇ ಆಗಿಹೋಯಿತು. ಉಡುಪಿಯಲ್ಲಿ ಗೋಡೆ ಬಿರುಕು ಬಿಟ್ಟಿದ್ದು, ಕೃಷ್ಣ ತಿರುಗಿ ನಿಂತಿದ್ದು ಖರೇನಾ ಅಂತ ನಮ್ಮ ಕೇರಿಯ ಕಟ್ಟೆಯಲ್ಲಿ ಎಷ್ಟೋ ಸಲ ವಾದ ನಡೆದಿದೆ. ಕನಕದಾಸರನ್ನು ಗುಡಿಯ ಹೊರಗೆ ನಿಲ್ಲಿಸಿದ್ದರು ಅನ್ನೋದನ್ನು ಮಾತ್ರ ಆ ಕಟ್ಟೆಯಲ್ಲಿ ಯಾರೂ ಸುಳ್ಳು ಅನ್ನಲಿಲ್ಲ. ಅದಕ್ಕೆ ಕಟ್ಟೆಯವರಿಗೆ ಪುಸ್ತಕ ಬೇಕಿರಲಿಲ್ಲ.

ಷರೀಫಜ್ಜ ಇನ್ನೂ ಹತ್ತಿರದವರು. 1819ರಲ್ಲಿ ಹುಟ್ಟಿ 1889ರಲ್ಲಿ ಹೋದವರು. 1990ರಲ್ಲಿ ಅವರ ಮೇಲೆ ಸಿನಿಮಾ ಬಂದಾಗ ನಾವು ಏಳೆಂಟು ಜನ ಹುಬ್ಬಳ್ಳಿಗೆ ಹೋಗಿ ನೋಡಿ ಬಂದೆವು. ಊರಲ್ಲಿ ಒಬ್ಬ ಮುದುಕ ಇದ್ದ, ಅವನ ಅಜ್ಜ ಷರೀಫರನ್ನು ಕಣ್ಣಾರೆ ಕಂಡವನಂತೆ. ಅವನನ್ನೂ ಕರೆದುಕೊಂಡು ಹೋಗಿದ್ದೆವು. ಹೊರಗೆ ಬಂದ ಮೇಲೆ ಹೆಂಗಿತ್ತು ಅಂತ ಕೇಳಿದರೆ, "ಹಾಡು ಚಲೋ ಅದಾವು. ಆದ್ರ ಷರೀಫಜ್ಜನ ಅರಿವಿ ಇಷ್ಟು ಬೆಳ್ಳಗ ಇದ್ದಿದ್ದಿಲ್ಲ" ಅಂದ. ಅಷ್ಟೇ ಅವನ ವಿಮರ್ಶೆ. ಇನ್ನೊಂದು ಮಾತು. ಆ ಮೇಲೆ ನಮ್ಮೂರ ಭಜನೆಯವರೂ ತತ್ವಪದಗಳನ್ನು ಸಿನಿಮಾದ ಧಾಟಿಯಲ್ಲೇ ಹಾಡೋಕೆ ಶುರು ಮಾಡಿದರು. ಹಳೇ ಧಾಟಿ ಹೇಗಿತ್ತು ಅಂತ ನನಗೆ ಈಗ ನೆನಪಾಗಲ್ಲ. ಸಿನಿಮಾ ಇತಿಹಾಸ ಅಲ್ಲ ಅಂತ ಸುಲಭವಾಗಿ ಹೇಳಬಹುದು. ಅದು ಇತಿಹಾಸವನ್ನು ತಿದ್ದಿಬಿಡುತ್ತೆ ಅನ್ನೋದು ನನ್ನ ಸಂಕಟ.

ಹಾಗಾದರೆ ಇತಿಹಾಸ ಎಲ್ಲಿದೆ? ಕಲ್ಲಲ್ಲಿದೆ ಅಂತೀಯ. ನಿನ್ನನ್ನು ಐದನೇ ಕ್ಲಾಸಿನಲ್ಲಿದ್ದಾಗ ಗಾಡಿ ಮೇಲೆ ಅಬಲೂರಿಗೆ ಕರೆದುಕೊಂಡು ಹೋಗಿದ್ದೆ. ನೀನು ಗುಡಿಯ ಗಿಳಿಗಳನ್ನು ಎಣಿಸುತ್ತಾ ಕೂತಿದ್ದೆ, ಕಲ್ಲಿನ ಕಡೆ ನೋಡಲಿಲ್ಲ. ಅಲ್ಲಿ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಶಾಸನ ಇದೆ. ಸುಮಾರು 1200ರ ಕಾಲದ್ದು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿ ಅದನ್ನು ಓದಿ ಅಚ್ಚು ಹಾಕಿಸಿದ್ದಾನೆ. ಅದರಲ್ಲಿರೋ ಕಥೆ ಇದು. ಆಳಂದದ ಶಿವಭಕ್ತ ರಾಮಯ್ಯ ಅಬಲೂರಿಗೆ ಬರುತ್ತಾನೆ. ಅಲ್ಲಿಯ ಜೈನರಿಗೂ ಅವನಿಗೂ ಪಂಥ ಬೀಳುತ್ತೆ. ರಾಮಯ್ಯ ತಲೆ ಕತ್ತರಿಸಿ ಶಿವನಿಗೆ ಒಪ್ಪಿಸುತ್ತಾನೆ, ಏಳು ದಿನಗಳ ಮೇಲೆ ತಲೆ ಮತ್ತೆ ಕೂಡಿಕೊಳ್ಳುತ್ತೆ. ಆಮೇಲೆ ಜಿನನ ಮೂರ್ತಿ ಒಡೆಯುತ್ತಾರೆ. ಜಗಳ ಅರಸ ಬಿಜ್ಜಳನ ಹತ್ತಿರ ಹೋಗುತ್ತೆ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಡುತ್ತಾನೆ.

ಈಗ ಹೇಳು, ಇದು ಇತಿಹಾಸವೋ ಕಥೆಯೋ? ಕಲ್ಲು ಖರೆ. ಬಿಜ್ಜಳ ಖರೆ. ಜಗಳವೂ ಖರೆ ಇರಬೇಕು, ಸುಮ್ನೆ ಯಾರೂ ಇಷ್ಟು ಉದ್ದದ ಶಾಸನ ಕೆತ್ತಿಸಲ್ಲ. ಆದರೆ ಕಲ್ಲು ಕೆತ್ತೋ ಹೊತ್ತಿಗೆ ಬಿಜ್ಜಳ ಹೋಗಿ ಮೂವತ್ತು ವರ್ಷದ ಮೇಲಾಗಿತ್ತು. ಕೆತ್ತಿಸಿದ್ದು ಗೆದ್ದವರು. ಸೋತವರ ಮಾತು ಅಲ್ಲಿ ಇಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಡ್ರೈವರ್ ಒಬ್ಬರು ಜೈನರು. ಒಮ್ಮೆ ಗಾಡಿ ಕೆಟ್ಟು ಅಬಲೂರಿನಲ್ಲಿ ಕೂತಾಗ ಇಬ್ಬರೂ ಆ ಗುಡಿಗೆ ಹೋಗಿದ್ದೆವು. ನಾನು ಕಥೆ ಹೇಳಿದೆ. ಹೇಳೋವಾಗಲೇ ನಾಲಿಗೆ ತಡವರಿಸಿತು. ಅವರು ಪೂರಾ ಕೇಳಿ, "ನಮ್ಮವರು ಕೆತ್ತಿಸಿದ್ರ ತಲಿ ಕೂಡ್ತಿದ್ದಿಲ್ಲ ಬಿಡ್ರಿ" ಅಂದರು. ಇಬ್ಬರೂ ನಕ್ಕೆವು. ಚಹಾ ಕುಡಿದೆವು. ದುಡ್ಡು ಅವರೇ ಕೊಟ್ಟರು.

ನಾಳೆ ಯಾರಾದರೂ ಇದನ್ನು ಸಿನಿಮಾ ಮಾಡಿ, ಎದೆ ನಡುಗಿಸೋ ಸಂಗೀತ ಹಾಕಿ, "ನಿಜವಾಗಿ ನಡೆದದ್ದು" ಅಂತ ಮೊದಲೇ ಅಕ್ಷರ ತೋರಿಸಿದರೆ, ಥಿಯೇಟರಿನಲ್ಲಿ ನನ್ನ ಪಕ್ಕ ಆ ಡ್ರೈವರ್ ಕೂತಿದ್ದರೆ, ನಾನು ಏನು ಮಾಡಲಿ? ಇದೇ ನನ್ನನ್ನು ಮೊನ್ನೆ ಫೋನಿನಲ್ಲಿ ಸುಮ್ಮನಾಗಿಸಿದ್ದು. ದೇವರು ಬೆಟ್ಟ ಎತ್ತಿದರೆ ನನಗೆ ಸಾಕ್ಷಿ ಬೇಡ, ಆಟ ನೋಡಿ ಕೈ ಮುಗಿದು ಬರುತ್ತೇನೆ. ಪಕ್ಕದ ಮನೆಯವರ ಮೇಲೆ ನನಗೆ ಸಿಟ್ಟು ಬರಿಸೋ ಸಿನಿಮಾಕ್ಕೆ ಮಾತ್ರ ನಾನು ನಮ್ಮೂರ ಸಾರಥಿ ಥರ ಎದ್ದು ನಿಂತು ಕೇಳಬೇಕು: ಯಾರು ತಾವು, ಯಾವ ಊರು, ಬಂದ ಕಾರಣವೇನು?

ನಿನ್ನ ಗೆಳತಿಯರ ವಿಷಯ. ಕಟ್ಟುಕಥೆ ಅಂದವಳ ಮೇಲೆ ನನಗೆ ಸ್ವಲ್ಪ ಬೇಜಾರು. ಕಥೆ ಕಟ್ಟೋದು ಸಣ್ಣ ಕೆಲಸ ಅಲ್ಲ. ರಾಗಿಗೂ ಭತ್ತಕ್ಕೂ ರಾಮನ ಎದುರು ಜಗಳ ಹಚ್ಚಿದ ಕನಕದಾಸರನ್ನು ಅದು ಯಾವ ಇಸವಿಯಲ್ಲಿ ನಡೆಯಿತು ಅಂತ ಯಾರಾದರೂ ಕೇಳಿದ್ದಾರಾ? ಇತಿಹಾಸ ಅಂದವಳ ಮೇಲೆ ಇನ್ನೂ ಸ್ವಲ್ಪ ಜಾಸ್ತಿ ಬೇಜಾರು. ಅವಳು ದೇವರಿಗೆ ಆಧಾರ್ ಕಾರ್ಡ್ ಮಾಡಿಸೋಕೆ ಹೊರಟಿದ್ದಾಳೆ. ಇದನ್ನು ಅವರಿಗೆ ಹೇಳಬೇಡ, ನನ್ನ ಹೆಸರಲ್ಲಿ ಇನ್ನೊಂದು ಜಗಳ ಆದೀತು.

ಅಟ್ಟದ ಮೇಲಿದ್ದ ಅಜ್ಜನ ಭುಜಕೀರ್ತಿ ಮೊನ್ನೆ ಇಳಿಸಿದೆ. ಒಂದಕ್ಕೆ ಗೆದ್ದಲು ಹಿಡಿದಿದೆ, ಇನ್ನೊಂದು ಚೆನ್ನಾಗಿದೆ. ಬಿಸಿಲಿಗೆ ಇಟ್ಟಿದ್ದೇನೆ. ದೀಪಾವಳಿಗೆ ಬಂದಾಗ ನೋಡುವೆಯಂತೆ. ಅಬಲೂರಿಗೂ ಹೋಗೋಣ, ಈ ಸಲ ಗಿಳಿ ಎಣಿಸೋ ಹಾಗಿಲ್ಲ.

ನಿಮ್ಮವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಾಳೆ. ಇವತ್ತು ರಾತ್ರಿ ಬಸ್ಸಿನಲ್ಲಿ ಗುರುತಿನವರ ಕೈಲಿ ಕಳಿಸುತ್ತೇನೆ. ಆ ಹುಡುಗಿಯರಿಗೂ ಸೇರಿಸಿ ಮಾಡಿದ್ದಾಳೆ, ಆದರೆ ಚಟ್ನಿ ಡಬ್ಬಿ ಒಂದೇ. ವಾಪಸ್ ತರೋದು ಮರೀಬೇಡ, ಇಲ್ಲಾಂದ್ರೆ ಬೈಸಿಕೊಳ್ಳೋನು ನಾನು.

ನಿನ್ನ ಅಪ್ಪ