ಮತ್ತಿ ಮರಕ್ಕೆ ಮಚ್ಚು ಹಾಕುವ ಮುಂಚೆ

ಮಾನ್ಯ ಸಂಪಾದಕರೇ,

ಮರದ ತೊಗಟೆಗೆ ಮಚ್ಚಿನಿಂದ ಒಂದೇಟು ಹಾಕಿದ ತಕ್ಷಣ ನಲ್ಲಿ ಬಿಟ್ಟ ಹಾಗೆ ನೀರು ಚಿಮ್ಮುವ ವಿಡಿಯೊ ನಮ್ಮ ಚಾರಣದ ವಾಟ್ಸಾಪ್ ಗುಂಪಿಗೆ ಮತ್ತೆ ಬಂದಿದೆ. ‘ಕಾಡಲ್ಲಿ ದಾರಿ ತಪ್ಪಿದ್ರೆ ಇಷ್ಟು ಗೊತ್ತಿದ್ರೆ ಸಾಕು’ ಅಂತ ಕೆಳಗೊಂದು ಸಾಲು ಬೇರೆ.

ವಿಡಿಯೊ ಸುಳ್ಳೇನಲ್ಲ. 2024ರ ಮಾರ್ಚ್‌ನಲ್ಲಿ ಆಂಧ್ರದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯವರೇ ತೆಗೆದದ್ದು. ಕೊಂಡರೆಡ್ಡಿ ಬುಡಕಟ್ಟಿನ ಜನ ಅವರಿಗೆ ತಿಳಿಸಿದ ವಿದ್ಯೆ. ಮರ ನಮ್ಮ ಕರಿಮತ್ತಿಯೇ, ಮೊಸಳೆ ಚರ್ಮದಂಥ ತೊಗಟೆ ಇರುತ್ತಲ್ಲ, ಅದು. ಆದರೆ ಎಲ್ಲ ಕರಿಮತ್ತಿಯಲ್ಲೂ ನೀರಿರುವುದಿಲ್ಲ. ಬೇಸಿಗೆಯಲ್ಲಿ, ಕಾಂಡ ಗಡ್ಡೆಯಂತೆ ಊದಿಕೊಂಡಿರುವ ಕೆಲವು ಮರಗಳಲ್ಲಿ ಮಾತ್ರ ಇರುತ್ತದೆ, ಆ ನೀರೂ ಹುಳಿ, ವಾಸನೆ. ಗುರುತು ಗೊತ್ತಿಲ್ಲದವರು ಹತ್ತು ಮರ ಗಾಯ ಮಾಡಿ ಬೆವರು ಸುರಿಸಿಕೊಂಡು ಬರುತ್ತಾರೆ ಅಷ್ಟೇ. ಕಾಯ್ದಿಟ್ಟ ಕಾಡಲ್ಲಿ ಮರಕ್ಕೆ ಮಚ್ಚು ಹಾಕಿದರೆ ಕೇಸು ಬೀಳುತ್ತದೆ ಅನ್ನುವುದು ಬೇರೆ ಮಾತು.

ಕಾಡಲ್ಲಿ ನೀರಿಲ್ಲದ ಬಿಸಿ ನನಗೇ ಒಮ್ಮೆ ತಟ್ಟಿದೆ. ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಹೋಗಿದ್ದೆವು. ಕರೆದುಕೊಂಡು ಹೋದವರು ‘ಒಂದೊಂದು ಲೀಟರ್ ಸಾಕು, ಮೇಲೆ ಕಲ್ಲು ಮಂಟಪದ ಹತ್ತಿರ ನೀರು ಸಿಗುತ್ತೆ’ ಅಂದಿದ್ದರು. ದಾರಿ ಮಧ್ಯದ ಭಟ್ಟರ ಮನೆ ದಾಟಿದ ಮೇಲೆ ಬರೀ ಹುಲ್ಲುಗುಡ್ಡ, ನೆರಳೇ ಇಲ್ಲ, ಹನ್ನೊಂದು ಗಂಟೆಗೇ ಬಾಟಲಿ ಖಾಲಿ. ಮಂಟಪದ ಹತ್ತಿರ ಆ ವರ್ಷ ಕಲ್ಲಿನ ಮೇಲೆ ಒದ್ದೆ ಗೆರೆ ಬಿಟ್ಟರೆ ಏನೂ ಇರಲಿಲ್ಲ. ಇಳಿಯುವಾಗ ನಾವು ಮೂವರು ಹಿಂದೆ ಉಳಿದು, ಮಂಜಲ್ಲಿ ಬೇರೆ ಕಾಲುದಾರಿ ಹಿಡಿದುಬಿಟ್ಟೆವು.

ಆಗ ನೆನಪಾದದ್ದು ರೀಲ್ಸ್ ಅಲ್ಲ, ನಮ್ಮಜ್ಜಿ. ನಮ್ಮದು ಹಿರಿಯೂರು ಕಡೆ. ಬೇಸಿಗೆಯಲ್ಲಿ ವೇದಾವತಿ ಒಣಗಿದಾಗ ಅಜ್ಜಿ ಮರಳಲ್ಲಿ ಮೊಣಕೈ ಆಳ ಒರತೆ ತೋಡಿ, ಮೊದಲು ಬಂದ ಕೆಂಪು ನೀರನ್ನು ತೆಂಗಿನ ಚಿಪ್ಪಲ್ಲಿ ಎತ್ತಿ ಚೆಲ್ಲಿ, ಸುಮ್ಮನೆ ಕೂತುಬಿಡುತ್ತಿದ್ದಳು. ‘ಕಲಕಬ್ಯಾಡ, ಅದೇ ತಿಳಿಯಾಗ್ತೈತೆ’ ಅನ್ನುವಳು. ಎರಡನೇ ಸಲ, ಮೂರನೇ ಸಲ ಊರಿದ ನೀರು ಕೊಡಕ್ಕೆ. ಆನೆಗಳೂ ಒಣಹೊಳೆಯಲ್ಲಿ ಹೀಗೇ ಮರಳು ಕೆದರಿ ನೀರು ಕುಡಿಯುತ್ತವೆ.

ಗುಡ್ಡದ ನೆತ್ತಿಯಲ್ಲಿ ನೀರು ಹುಡುಕಿ ಪ್ರಯೋಜನವಿಲ್ಲ. ಎರಡು ಗುಡ್ಡ ಕೂಡುವ ಮಡಿಕೆಯಲ್ಲಿ ಶೋಲಾ ಕಾಡು ದಟ್ಟ ಹಸಿರಾಗಿರುತ್ತದೆ, ನೀರಿದ್ದರೆ ಅಲ್ಲೇ. ತಗ್ಗಿನ ಕಾಡುಗಳಲ್ಲಾದರೆ ಅತ್ತಿ, ಕೇದಗೆ ಜಾತಿಯ ಮುಂಡಿಗೆ, ಹೊಳೆಮತ್ತಿ ಕಂಡ ಕಡೆ ನೋಡಬೇಕು. (ಹೊಳೆಮತ್ತಿಯೇ ಬೇರೆ, ಕರಿಮತ್ತಿಯೇ ಬೇರೆ. ಹೊಳೆಮತ್ತಿಯದು ನುಣುಪು ಬಿಳಿ ತೊಗಟೆ, ಹೊಳೆ ದಂಡೆಯಲ್ಲೇ ಬೆಳೆಯುವುದು.) ನಮಗೆ ಒಂದು ಒಣ ತೊರೆಯ ತಿರುವಿನಲ್ಲಿ, ಬಂಡೆ ಬುಡದಲ್ಲಿ ತಂಪು ಮರಳು ಸಿಕ್ಕಿತು. ತಟ್ಟೆಯಲ್ಲಿ ತೋಡಿದೆವು. ಅರ್ಧ ಗಂಟೆಗೆ ಒಂದು ಬಾಟಲಿ.

ತಪ್ಪು ಮಾಡಿದ್ದು ಅಲ್ಲಿ. ತಿಳಿಯಾಗಿದೆಯಲ್ಲ ಅಂತ ಹಾಗೇ ಕುಡಿದೆವು. ಮೂರನೇ ದಿನಕ್ಕೆ ಇಬ್ಬರಿಗೆ ಭೇದಿ, ಜ್ವರ. ಮೇಲೆಲ್ಲೋ ಕಡವೆ ಸಗಣಿ ಹಾಕಿರುತ್ತದೆ, ಇಲಿ ಉಚ್ಚೆ ಹೊಯ್ದಿರುತ್ತದೆ, ನೀರು ನೋಡಿದರೆ ಗೊತ್ತಾಗುತ್ತಾ? ನೀರು ಕೊತಕೊತ ಒಂದು ನಿಮಿಷ ಕುದ್ದರೆ ಸಾಕು, ನಮ್ಮ ಯಾವ ಬೆಟ್ಟಕ್ಕೂ ಅದಕ್ಕಿಂತ ಜಾಸ್ತಿ ಬೇಕಿಲ್ಲ. ಆದರೆ ಒಣಹುಲ್ಲಿನ ಗುಡ್ಡದಲ್ಲಿ ಬೆಂಕಿ ಹಚ್ಚಿ ಅಂತ ನಾನಂತೂ ಹೇಳಲಾರೆ, ಕಾಡೇ ಹೋಗುತ್ತದೆ. ಅದಕ್ಕೇ ಬ್ಯಾಗಲ್ಲಿ ಕ್ಲೋರಿನ್ ಮಾತ್ರೆ ಇರಲಿ. ಬಟ್ಟೆಯಲ್ಲಿ ಸೋಸಿ, ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಮಾತ್ರೆಯೂ ಇಲ್ಲ, ತಲೆ ಸುತ್ತುತ್ತಿದೆ ಅಂದರೆ ಸಿಕ್ಕ ನೀರನ್ನೇ ಕುಡಿಯಿರಿ. ಭೇದಿಗೆ ಊರಿಗೆ ಬಂದ ಮೇಲೆ ಔಷಧಿ ಇದೆ.

ಇನ್ನೊಂದು ವಿಷಯ. ತೊರೆ ಹಿಡಿದು ಕೆಳಗಿಳಿದರೆ ಊರು ಸಿಗುತ್ತದೆ ಅನ್ನುತ್ತಾರೆ. ಘಟ್ಟದಲ್ಲಿ ಅದನ್ನು ನಂಬಬೇಡಿ. ಇಲ್ಲಿ ತೊರೆ ಇದ್ದಕ್ಕಿದ್ದ ಹಾಗೆ ಜಲಪಾತವಾಗುತ್ತದೆ, ಮುಂದೆ ಇಳಿಯಲೂ ಆಗದೆ ಹಿಂದೆ ಹತ್ತಲೂ ಆಗದೆ ಸಿಕ್ಕಿಕೊಳ್ಳುತ್ತೀರಿ. ನಾವು ನೀರು ತುಂಬಿಕೊಂಡು ವಾಪಸ್ ಹುಲ್ಲುಗುಡ್ಡದ ನೆತ್ತಿಗೇ ಹತ್ತಿ, ಮಂಜು ಸರಿಯುವವರೆಗೆ ಕೂತಿದ್ದೆವು. ಅಲ್ಲಿಂದ ದಾರಿ ಕಂಡಿತು.

ನಿಮ್ಮ ಪತ್ರಿಕೆಯಲ್ಲೂ ಚಾರಣದ ಲೇಖನ ಆಗಾಗ ಬರುತ್ತವೆ. ಬಸ್ಸಿನ ಸಮಯ, ಪ್ರವೇಶ ಶುಲ್ಕ, ಊಟ ಎಲ್ಲಿ, ಎಲ್ಲಾ ಇರುತ್ತದೆ. ಅದರ ಜೊತೆ ದಾರಿಯಲ್ಲಿ ನೀರು ಎಲ್ಲಿ, ಯಾವ ತಿಂಗಳವರೆಗೆ ಅಂತ ಒಂದು ಸಾಲು ಹಾಕಿಸಿ.

– ಒಬ್ಬ ಓದುಗ, ಹಿರಿಯೂರು