ಅವ್ವನ ಮುಖದ ಬಣ್ಣ ಅವ್ವನದೇ ಇರಲಿ

ಸಂಪಾದಕರಿಗೆ ನಮಸ್ಕಾರ,

ಆಗಸ್ಟ್ 19 ಬಂದರೆ ವಿಶ್ವ ಛಾಯಾಗ್ರಹಣ ದಿನ ಅಂತ ಪತ್ರಿಕೆಗಳಲ್ಲಿ ಒಳ್ಳೊಳ್ಳೆ ಫೋಟೋ ಬರುತ್ತವೆ. ಬೀದರ್ ಕೋಟೆ, ಅಷ್ಟೂರಿನ ಗುಮ್ಮಟಗಳು, ಬಿಳಿ ರುಮಾಲು ಸುತ್ತಿದ ಅಜ್ಜನ ಮುಖ. ನೋಡಲು ಬಹಳ ಖುಷಿ. ಆದರೆ ಅದನ್ನು ಹೇಗೆ ತೆಗೆದರು ಅಂತ ಒಂದು ಸಾಲೂ ಇರುವುದಿಲ್ಲ. ನನ್ನಂತೆ ಈಗಷ್ಟೇ ಕಲಿಯುತ್ತಿರುವವರಿಗೆ ಬೇಕಾದದ್ದು ಆ ಒಂದು ಸಾಲೇ.

ನಾನು ಕ್ಯಾಮೆರಾ ಹಿಡಿದದ್ದು ಒಂದು ಬೇಸರದಿಂದ. ನಮ್ಮವ್ವನ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕೋಣ ಅಂತ ಕಲಬುರಗಿಯ ಒಂದು ಸ್ಟುಡಿಯೋಗೆ ಕೊಟ್ಟಿದ್ದೆ. ಅವರು ನಮ್ಮನ್ನು ಕೇಳದೆಯೇ ಮುಖ ಬೆಳ್ಳಗೆ ಮಾಡಿದ್ದರು, ಕಣ್ಣಿನ ಸುತ್ತಲ ಗೆರೆ ಅಳಿಸಿದ್ದರು, ಸಣ್ಣವಳಿದ್ದಾಗ ಗದ್ದಕ್ಕೆ ಹಾಕಿಸಿಕೊಂಡ ಹಚ್ಚೆಯೂ ಮಾಯ. ಅವ್ವ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. "ಇದು ನಾ ಅಲ್ಲ ಬಿಡಪ್ಪಾ, ಯಾರದೋ ಅದ" ಅಂದಳು. ಅವತ್ತೇ ಅಂದುಕೊಂಡೆ, ಇವಳ ಫೋಟೋ ನಾನೇ ತೆಗೆಯಬೇಕು.

ಒಂದು ಹಳೇ ಕ್ಯಾಮೆರಾ, ಒಂದು 50 ಎಂಎಂ ಲೆನ್ಸ್ ತಗೊಂಡೆ. ಎಫ್ ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಂಕಿ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಅದನ್ನು ಎಫ್ 1.8ಕ್ಕೆ ಇಟ್ಟರೆ ಹಿಂದಿನದೆಲ್ಲ ಮಸುಕಾಗಿ ಮುಖ ಎದ್ದು ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ನನ್ನದರಂಥ ಸಣ್ಣ ಸೆನ್ಸರಿನ (ಬೆಳಕು ಹಿಡಿಯುವ ಫಲಕದ) ಕ್ಯಾಮೆರಾದಲ್ಲಿ, ಒಂದೂವರೆ ಮೀಟರ್ ದೂರದಿಂದ ತೆಗೆದರೆ, ಸ್ಪಷ್ಟವಾಗಿ ಕಾಣುವ ಜಾಗ ಹಿಂದೆ ಮುಂದೆ ಸೇರಿ ಸುಮಾರು 6 ಸೆಂಟಿಮೀಟರ್ ಅಷ್ಟೇ. ಮೂಗಿನ ತುದಿಯಿಂದ ಕಿವಿಗೆ ಅದಕ್ಕಿಂತ ಜಾಸ್ತಿ ಇರುತ್ತದೆ ಅಲ್ವಾ. ಫೋಕಸ್ ಎಲ್ಲಿ ಅನ್ನುವುದನ್ನು ಕ್ಯಾಮೆರಾಗೇ ಬಿಟ್ಟರೆ ಅದು ಹೆಚ್ಚಾಗಿ ಹತ್ತಿರದ ವಸ್ತುವನ್ನು ಹಿಡಿಯುತ್ತದೆ. ನನ್ನ ಮೊದಲ ಫೋಟೋಗಳಲ್ಲಿ ಅವ್ವನ ಮೂಗುತಿ ಫಳಫಳ, ಕಣ್ಣು ಮಸುಕು. ಒಂದೇ ಫೋಕಸ್ ಪಾಯಿಂಟ್ ಇಟ್ಟು, ಅದನ್ನು ನಮಗೆ ಹತ್ತಿರವಿರುವ ಕಣ್ಣಿನ ಮೇಲೆ ಕೂರಿಸಬೇಕು. ಚೌಕಟ್ಟಿನ ನಡುವೆ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸಿದರೆ ಆ 6 ಸೆಂಟಿಮೀಟರ್ ಜಾರಿಹೋಗುತ್ತದೆ. ಎಫ್ 4ಕ್ಕೆ ಬಂದರೆ ಅದು ಎರಡು ಪಟ್ಟಿಗಿಂತ ಜಾಸ್ತಿ ಸಿಗುತ್ತದೆ, ಕಲಿಯುವವರು ಅಲ್ಲಿಂದ ಶುರು ಮಾಡುವುದೇ ಒಳ್ಳೆಯದು. ಇಷ್ಟು ಗೊತ್ತಾಗಲು ನನಗೆ ಮೂರು ತಿಂಗಳು ಬೇಕಾಯಿತು.

ಫೋಕಸ್ ಹೇಗೋ ಬಂತು. ಬಣ್ಣ ಮಾತ್ರ ಬಹಳ ಕಾಡಿತು.

ನಮ್ಮ ಕಡೆ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಯಾರನ್ನೂ ಬಯಲಲ್ಲಿ ನಿಲ್ಲಿಸಲಾಗದು. ಹಾಗಾಗಿ ಅವ್ವನನ್ನು ಅಂಗಳದ ಬೇವಿನ ಮರದ ಕೆಳಗೆ ಕೂರಿಸಿದೆ. ಮುಖ ಹಸಿರು ಬಂತು, ಎಲೆಗಳಿಂದ ಸೋಸಿ ಬಂದ ಬೆಳಕಲ್ಲವೇ. ಒಳಗೆ ಕೂರಿಸಿದೆ, ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಹಳದಿ ಬಲ್ಬು: ಒಂದು ಕೆನ್ನೆ ನೀಲಿ, ಒಂದು ಕೆನ್ನೆ ಹಳದಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹಳದಿ. ಮಧ್ಯಾಹ್ನದ ಬಿಸಿಲು ಸುಮಾರು 5500 ಕೆಲ್ವಿನ್, ಹಳೇ ಬಲ್ಬು 2700ರ ಆಸುಪಾಸು. ನಮ್ಮ ಕಣ್ಣು ಎರಡನ್ನೂ ಹೊಂದಿಸಿಕೊಳ್ಳುತ್ತದೆ, ಕ್ಯಾಮೆರಾ ಒಂದನ್ನು ಮಾತ್ರ ಹೊಂದಿಸಬಲ್ಲದು. ಬಲ್ಬು ಆರಿಸಿದೆ, ಅರ್ಧ ತೊಂದರೆ ಹೋಯಿತು.

ಉಳಿದರ್ಧಕ್ಕೆ ಬೂದು ಬಣ್ಣದ ವಸ್ತು ಬೇಕು. ಅದನ್ನು ತೋರಿಸಿ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣದ ಹೊಂದಾಣಿಕೆ, ಮಾಡಿದರೆ ಉಳಿದ ಬಣ್ಣಗಳು ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಮನೆ ತುಂಬ ಶಹಾಬಾದ್ ಫರಸಿ (ನೆಲಕ್ಕೆ ಹಾಸುವ ಕಲ್ಲು) ಇದೆ, ಅದು ಬೂದು ತಾನೇ ಅಂತ ಅದನ್ನೇ ಇಟ್ಟುಕೊಂಡು ನೋಡಿದೆ. ಮುಖ ಹಳದಿಗೆ ತಿರುಗಿತು. ಆಮೇಲೆ ತಿಳಿಯಿತು, ನಮ್ಮ ಫರಸಿಯಲ್ಲಿ ಸ್ವಲ್ಪ ನೀಲಿ ಇದೆ. ಆ ನೀಲಿ ತೆಗೆಯಲು ಸಾಫ್ಟ್‌ವೇರ್ ಎಲ್ಲ ಕಡೆ ಹಳದಿ ಸೇರಿಸುತ್ತದೆ. ಕೊನೆಗೆ ಫೋಟೋದವರು ಬಳಸುವ ಬೂದು ಕಾರ್ಡನ್ನೇ ತರಿಸಿದೆ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಹಿಡಿದ ಮಾಹಿತಿಯನ್ನೆಲ್ಲ ಹಾಗೇ ಉಳಿಸುವ ಫೈಲಿನಲ್ಲಿ, ತೆಗೆದರೆ ಇದನ್ನೆಲ್ಲ ಆಮೇಲೆ ತಿದ್ದಬಹುದು, ಜೆಪೆಗ್‌ನಲ್ಲಿ ಅಷ್ಟು ಅವಕಾಶ ಇಲ್ಲ.

ನಿಜಕ್ಕೂ ಹೇಳಬೇಕಾದದ್ದು ಇನ್ನೊಂದಿದೆ. ಎಡಿಟಿಂಗ್‌ನಲ್ಲಿ ಒಂದೊಂದು ಬಣ್ಣ ತಿದ್ದಲು ಒಂದೊಂದು ಪಟ್ಟಿ ಇರುತ್ತದೆ, ನಮ್ಮ ಮೈಬಣ್ಣ ಹೆಚ್ಚಾಗಿ ಆರೆಂಜ್ ಪಟ್ಟಿಯೊಳಗೆ ಬರುತ್ತದೆ. ಆ ಪಟ್ಟಿಯ ಹೊಳಪು ಸ್ವಲ್ಪ ಏರಿಸಿದರೆ ಸಾಕು, ಮುಖ ಬೆಳ್ಳಗೆ. ಅಷ್ಟು ಸುಲಭ ಇರುವುದಕ್ಕೇ ಎಲ್ಲರೂ ಮಾಡುತ್ತಾರೆ. ಮದುವೆ ಆಲ್ಬಂ ತೆಗೆದು ನೋಡಿ, ಮುಖ ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ಇದು ಹಳೇ ರೋಗ. ರೀಲಿನ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಶರ್ಲಿ ಕಾರ್ಡ್ ಅಂತ ಕಳಿಸುತ್ತಿತ್ತು, ಅದರಲ್ಲಿದ್ದದ್ದು ಬಿಳಿ ಹೆಂಗಸಿನ ಚಿತ್ರ. ಅವಳ ಮುಖ ಸರಿ ಕಂಡರೆ ಬಣ್ಣ ಸರಿ ಅಂತ ಲೆಕ್ಕ. ಕಪ್ಪು, ಕಂದು ಮೈಯವರು ಬಹಳ ವರ್ಷ ಆ ಲೆಕ್ಕದಲ್ಲಿ ಇರಲೇ ಇಲ್ಲ. ಈಗ ಕಾರ್ಡೂ ಇಲ್ಲ, ರೀಲೂ ಇಲ್ಲ. ಮತ್ತೆ ನಾವು ಯಾರ ಮುಖಕ್ಕೆ ನಮ್ಮ ಬಣ್ಣ ಹೊಂದಿಸುತ್ತಿದ್ದೇವೆ? ದಿನವಿಡೀ ಹೊಲದಲ್ಲಿ ತೊಗರಿ ಕೊಯ್ದ ಮುಖವನ್ನು ಬೆಳ್ಳಗೆ ಮಾಡಿದರೆ ಅವಳ ದುಡಿಮೆಯನ್ನೇ ಅಳಿಸಿದ ಹಾಗೆ ನನಗೆ ಕಾಣುತ್ತದೆ.

ಅದಕ್ಕೇ ಒಂದು ಕೋರಿಕೆ. ಈ ಸಲ ಆಗಸ್ಟ್ 19ಕ್ಕೆ ಫೋಟೋ ಹಾಕುವಾಗ ಕೆಳಗೆ ಎರಡೇ ಸಾಲು ಸೇರಿಸಿ: ಯಾವ ಲೆನ್ಸ್, ಎಷ್ಟು ಎಫ್, ಬೆಳಕು ಎಲ್ಲಿಂದ ಬಂತು, ಬಣ್ಣ ಎಷ್ಟು ತಿದ್ದಿದರು. ಇಂಗ್ಲಿಷ್ ವಿಡಿಯೋ ನೋಡಿ ಅರ್ಧಂಬರ್ಧ ಕಲಿಯುವ ನಮ್ಮ ಹುಡುಗ ಹುಡುಗಿಯರಿಗೆ ಅದು ದೊಡ್ಡ ಪಾಠ. ನಿಮ್ಮ ಫೋಟೋಗ್ರಾಫರುಗಳೂ ಒಮ್ಮೆ ಬರೆಯಲಿ. ಪೇಪರಿನಲ್ಲಿ ಶಾಯಿ ಹರಡಿ ಮುಖ ಇನ್ನೂ ಕಪ್ಪಾಗುತ್ತದೆ, ಅದನ್ನು ಅವರು ಮೊದಲೇ ಹೇಗೆ ಲೆಕ್ಕ ಹಾಕುತ್ತಾರೆ ಅಂತ ತಿಳಿಯುವ ಆಸೆ ನನಗೆ ಬಹಳ ಇದೆ.

ಪತ್ರದ ಜೊತೆ ಅವ್ವನ ಫೋಟೋ ಕಳಿಸಿದ್ದೇನೆ. ಅಡುಗೆಮನೆ ಬಾಗಿಲಲ್ಲಿ, ಬೆಳಗಿನ ಎಂಟು ಗಂಟೆ, 50 ಎಂಎಂ, ಎಫ್ 4, ಬಲ್ಬು ಆರಿಸಿ ತೆಗೆದದ್ದು. ಗದ್ದದ ಹಚ್ಚೆ ಕಾಣುತ್ತದೆ. ಹಾಕುವುದಾದರೆ ದಯವಿಟ್ಟು ಹಾಗೇ ಹಾಕಿ.

ಇತಿ,
ನಿಮ್ಮ ಓದುಗ, ಕಲಬುರಗಿ